ಪದ ಬೇಕಿತ್ತು: ಹಳೇ ಪದ್ಮಿನಿಗೆ ಏಸಿ ಕೂರಿಸೋ ಹಾಳೆ, ಎರಡೆರಡು ಕಂಡೆನ್ಸರ್

ಎಲ್ರಿಗೂ ನಮಸ್ಕಾರ. ಅರ್ಜೆಂಟಿದೆ, ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತೆ. ಪರಿಚಯದ ಗ್ಯಾರೇಜಿನವರು ಹಳೇ ಪ್ರೀಮಿಯರ್ ಪದ್ಮಿನಿಗಳಿಗೆ ಏಸಿ ಹಾಕಿಕೊಡ್ತಾರೆ, ಕೆಲಸ ಕಲಿಯೋ ಹುಡುಗರಿಗೆ ಗೋಡೆ ಮೇಲೆ ಅಂಟಿಸೋಕೆ ಕನ್ನಡದಲ್ಲಿ ಒಂದು ಹಾಳೆ ಕೇಳಿದಾರೆ. ಕಂಪ್ರೆಸರ್, ಬೆಲ್ಟು, ಗ್ಯಾಸು ಎಲ್ಲಾ ಹಾಗೇ ಬಿಟ್ಟಿದೀನಿ. ಸಿಕ್ಕಾಕೊಂಡಿರೋದು ಎಲ್ಲಿ ಅಂದ್ರೆ, ಈ ಕಾರಲ್ಲಿ ಇಂಜಿನ್ನಿಗೆ ಕಿಡಿ ಕೊಡೋದು ಹಳೇ ಪಾಯಿಂಟ್ ಇಗ್ನಿಷನ್ನು, ಅದರ ಡಿಸ್ಟ್ರಿಬ್ಯೂಟರ್‌ದು ಒಂದು ಪುಟಾಣಿ ಕರೆಂಟಿನ ಕಂಡೆನ್ಸರ್ ಆಗಲೇ ಇದೆ, ಈಗ ರೇಡಿಯೇಟರ್ ಮುಂದೆ ಏಸಿದು ಇನ್ನೊಂದು ಕಂಡೆನ್ಸರ್ ಬಂದು ಕೂರುತ್ತೆ. ಕಾಯಿಲ್ ಕತೆನೂ ಅದೇ, ಇಗ್ನಿಷನ್ ಕಾಯಿಲ್ ಒಂದಿದೆ, ಡ್ಯಾಶ್‌ಬೋರ್ಡ್ ಕೆಳಗಿನ ಇವಾಪೊರೇಟರನ್ನೂ ಎಲ್ರೂ ಕೂಲಿಂಗ್ ಕಾಯಿಲ್ ಅಂತಾರೆ. ಬರೀ 'ಕಂಡೆನ್ಸರ್ ಬಿಚ್ಚಿ ತೊಳೀರಿ' ಅಂದ್ರೆ ಹೊಸ ಹುಡುಗ ಯಾವುದಕ್ಕೆ ಕೈ ಹಾಕ್ತಾನೋ. ಇನ್ನೊಂದು, ಇನ್‌ಸ್ಟಾಲ್‌ಗೆ ಸ್ಥಾಪಿಸು ಹಾಕ್ಲಾ ಅಳವಡಿಸು ಹಾಕ್ಲಾ?

----

ಏಸಿ ಕಂಡೆನ್ಸರಿಗೆ ಸಾಂದ್ರಕ, ಇವಾಪೊರೇಟರಿಗೆ ಬಾಷ್ಪೀಕಾರಕ. ಇರುವ ಪದಗಳೇ, ಚರ್ಚೆ ಬೇಕಿಲ್ಲ. ಸ್ಥಾಪಿಸೋದು ವಿಗ್ರಹವನ್ನ. ಯಂತ್ರಕ್ಕೆ ಅಳವಡಿಸು.

----

ಚರ್ಚೆ ಬೇಕಿಲ್ಲ ಅಂದ್ರೆ ಈ ಗುಂಪು ಯಾಕೆ ಬೇಕು ಸಾರ್? ಸಾಂದ್ರ ಅಂದ್ರೆ ದಟ್ಟ. ಅಲ್ಲಿ ನಡೆಯೋದು ಬಿಸಿ ಗ್ಯಾಸು ಹೊರಗಿನ ಗಾಳಿಗೆ ಶಾಖ ಬಿಟ್ಟು ನೀರಿನ ಹಾಗೆ ಆಗೋದು, ಅಂದ್ರೆ ಹನಿಗಟ್ಟೋದು, ಹಾಗಾಗಿ ಹನಿಗಟ್ಟುಕ. ಒಳಗಿನದಕ್ಕೆ ಬಾಷ್ಪೀಕಾರಕ ಅಂತ ನಾಲಿಗೆ ತಿರುಚೋ ಬದಲು ನಮ್ಮ 'ತಣ್' ಇದೆಯಲ್ಲ. ತಣ್ಣೀರು, ತಂಪು, ತಣಿಸು, ತಂಗಾಳಿ, ಚಂದ್ರನಿಗೆ ತಂಗದಿರ, ತಮಿಳರು ಇವತ್ತಿಗೂ ಕುಡಿಯೋ ನೀರಿಗೇ ತಣ್ಣೀರ್ ಅಂತಾರೆ, ಇಷ್ಟು ಫಲ ಕೊಟ್ಟ ಬೇರು ಇಟ್ಕೊಂಡು ಸಾಲ ಯಾಕೆ ಮಾಡ್ಬೇಕು? ತಣ್+ಕೂಡು, ತಂಗೂಡು. ಹಾಳೆ ತಲೆಬರಹಕ್ಕೆ ದಯವಿಟ್ಟು ಹವಾನಿಯಂತ್ರಣ ಹಾಕ್ಬೇಡಿ, ಹವಾ ಅರಬ್ಬಿ, ನಿಯಂತ್ರಣ ಸಂಸ್ಕೃತ, ಕನ್ನಡ ಎಲ್ಲಿದೆ ಅದ್ರಲ್ಲಿ?

----

ತಂಗಳು ಬಂದಿದ್ದೂ ಅದೇ ತಣ್ ದಿಂದ ನೋಡ್ರಿ, ತಣ್+ಕೂಳು. ತಂಗೂಡು ಅಂತ ಬರದ್ರ ಹುಡುಗೂರು ನಿನ್ನಿ ಅನ್ನ ಇಡೂ ಡಬ್ಬಿ ಅಂತ ತಿಳ್ಕೋತಾವ.

ಕೇಳಿದವ್ರಿಗೆ: ಹುಬ್ಬಳ್ಳ್ಯಾಗ ನಮ್ಮ ಮಾವಾರದು ಇದ ಕೆಲಸ ಐತಿ. 'ಏಸಿ ಕಂಡೆನ್ಸರ್', 'ಪಾಯಿಂಟ್ ಕಂಡೆನ್ಸರ್', ಮುಗೀತು. ಕಾಯಿಲ್‌ಗೂ ಹಂಗ, ಬರೇ ಕಾಯಿಲ್ ಅನ್ಬ್ಯಾಡ್ರಿ, ಮುಂದೊಂದು ಶಬ್ದ ಇರ್ಲಿ. ಅಳವಡಿಸು ಅಂತ ಸ್ಪ್ಯಾನರ್ ಹಿಡದಾವ ಯಾವನೂ ಅನ್ನಂಗಿಲ್ಲ, ನಮ್ಮ ಕಡೆ ಕುಂದರಸ್ರಿ, ನಿಮ್ಮ ಕಡೆ ಕೂರಿಸಿ. ಆದ್ರ ನಿಮ್ಮ 'ಬಿಚ್ಚಿ ತೊಳೀರಿ' ಅನ್ನೂದು ಪದಕ್ಕಿಂತ ದೊಡ್ಡ ತಂಟೆ. ಗ್ಯಾಸ್ ತುಂಬಿದ್ ಮ್ಯಾಲೆ ಪೈಪ್ ಬಿಚ್ಚಿದ್ರ ಗ್ಯಾಸ್ ಪೂರಾ ಹೋಗ್ತೈತಿ, ಹೊರಗಿನ ಧೂಳಿಗೆ ಬಿಚ್ಚೂದ ಬ್ಯಾಡ, ನೀರು ಹೊಡದ್ರ ಸಾಕು. ಹಳೇ ಮಾಲು ತಂದು ಕುಂದರಸೂ ಮುಂದ ಮಾತ್ರ ಒಳಗ ತೊಳೀಬೇಕು. ಡ್ರೈಯರ್ ಬಾಟ್ಲಿ ಮುಚ್ಚಳ ಎಲ್ಲಾ ಜೋಡಿಸಿದ್ ಮ್ಯಾಲೆ ಕಡೀಕ ತಗೀಬೇಕು, ಮೊದ್ಲ ತಗದ್ರ ಒಳಗಿನ ಹರಳು ಗಾಳ್ಯಾಗಿನ ತೇವ ಕುಡದ್ ಬಿಡ್ತಾವ, ಆಮ್ಯಾಲೆ ಆ ತೇವ, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡೂ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ತೂತಿನ್ಯಾಗ ಮಂಜಾಗಿ ಕುಂದರತೈತಿ. ಇದನ್ನ ದಪ್ಪ ಅಕ್ಷರದಾಗ ಹಾಕ್ರಿ.

----

ತುಂಬಾ ಥ್ಯಾಂಕ್ಸ್ ಸರ್, ಇದೇ ಬೇಕಿದ್ದಿದ್ದು. ಇನ್ನೊಂದೇ ಸಾಲು ಉಳಿದಿದೆ: 'ಗ್ಯಾಸ್ ತುಂಬೋ ಮುಂಚೆ ವ್ಯಾಕ್ಯೂಮ್ ಎಳೀರಿ'. ನಿರ್ವಾತಗೊಳಿಸಿ ಅಂದ್ರೆ ತಿಳಿಯುತ್ತಾ? ಆಮೇಲೆ ಹಳೇ ಆರ್ 12 ಗ್ಯಾಸಿನ ಕಿಟ್‌ಗೆ ಹೊಸ ಆರ್ 134ಎ ಗ್ಯಾಸು ತುಂಬೋರಿಗೆ ಹಳೇ ಮಿನರಲ್ ಆಯಿಲ್ ಇದರ ಜೊತೆ ಸೇರಲ್ಲ ಅನ್ನಬೇಕು, 'ಬೆರೆಯಲ್ಲ' ಸಾಕಾ 'ಕರಗಲ್ಲ' ಬೇಕಾ?

----

ನಿರ್ವಾತಗೊಳಿಸಿ ಸರಿಯಾಗಿಯೇ ಇದೆ. ತಿಳಿಯದವರು ಕಲಿಯಲಿ.

----

ಕಲೀತಾರೆ, ಆದ್ರೆ ಗೇಜು ನೋಡ್ತಾ ನಿಂತಾಗ ಅಲ್ಲ. ಎಳೀರಿ ಅನ್ನೋದೇ ಚೆನ್ನಾಗಿದೆ, ಪಂಪು ಮಾಡೋದೂ ಅದನ್ನೇ. ಎಣ್ಣೆಗೆ ಬೆರೆಯಲ್ಲ ಸಾಕು. ಬೆರೆಯದಿದ್ರೆ ಏನಾಗುತ್ತೆ ಅನ್ನೋದನ್ನೂ ಸೇರಿಸಿ, ಎಣ್ಣೆ ಪೈಪಲ್ಲೇ ಉಳಿದು ಕಂಪ್ರೆಸರಿಗೆ ವಾಪಸ್ ಬರಲ್ಲ, ಅದು ಎಣ್ಣೆ ಇಲ್ದೆ ಓಡಿ ಜಾಮ್ ಆಗುತ್ತೆ.

----

ವಾಹ್, ಒಂದು ಹಾಳೇಲಿ ಕಂಡೆನ್ಸರ್, ಕಾಯಿಲ್, ವ್ಯಾಕ್ಯೂಮ್, ಡ್ರೈಯರ್. ಕನ್ನಡ ಅಂತ ಉಳಿದಿದ್ದು ಕ್ರಿಯಾಪದ ಮಾತ್ರ. ಸಮಾಸದಲ್ಲಿ ಸಕ್ಕದ, ಅಂದ್ರೆ ಸಂಸ್ಕೃತ, ಮತ್ತೆ ಕನ್ನಡ ಬೆರೆಸೋದು ಕುದಿಯೋ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅಂತ ಕವಿರಾಜಮಾರ್ಗ 9ನೇ ಶತಮಾನದಲ್ಲೇ ಹೇಳಿಲ್ವಾ?

----

ಅದು ಅರಿಸಮಾಸದ ಮಾತು ಸ್ವಾಮಿ, ಪದ ತಗೋಬೇಡಿ ಅಂತ ಅಲ್ಲ, ಅದೇ ಗ್ರಂಥದಲ್ಲಿ ಸಂಸ್ಕೃತ ಪದ ರಾಶಿ ಬಿದ್ದಿದೆ. ಬೆಲ್ಟು, ಪಂಪು, ಗೇಜು ಅಂತ ಕೊನೇಲಿ ಉಕಾರ ಅಂಟಿ ಬೆಲ್ಟನ್ನ ಪಂಪಿಗೆ ಅಂತ ವಿಭಕ್ತಿ ಹತ್ತಿದ ಮೇಲೆ ಅದು ನಮ್ಮನೇದೇ. ಹನಿಗಟ್ಟುಕವನ್ನ ಬಿಡಿಭಾಗದ ಅಂಗಡೀಲಿ ಕೇಳಿ ನೋಡಿ ಮೊದಲು, ಬಿಲ್ಲು ಇಲ್ಲಿ ಹಾಕಿ.

----

ಅಂಗಡಿಯವನು ವ್ಯಾಕರಣ ನಿರ್ಧರಿಸೋದಾದ್ರೆ ನನಗೆ ಇಲ್ಲಿ ಕೆಲಸ ಇಲ್ಲ. ಡ್ರೈಯರ್‌ಗೆ 'ತೇವಗುಡುಕ' ಅನ್ನೋ ಪದ ಇಟ್ಕೊಂಡಿದ್ದೆ, ಹೇಳಲ್ಲ.

----

ಹೇಳೇಬಿಟ್ರಲ್ರೀ! ಆದ್ರ ಇದು ಛಲೋ ಐತಿ, ತೇವ ಕುಡಿಯೂದ ಅದರ ಕೆಲಸ. ಗ್ಯಾರೇಜಿನ್ಯಾಗ ಹೇಳಿ ನೋಡ್ತೀನಿ.