ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುವ 1967ರ ಬೀಟಲ್

ಪ್ರಶ್ನೆ:
ನಮಸ್ಕಾರ. ನನ್ನದು 1967ರ ಫೋಕ್ಸ್‌ವ್ಯಾಗನ್ ಬೀಟಲ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಜಾಕ್ ಹಾಕಿ ಅಲ್ಲಾಡಿಸಿದರೆ ಎಡಗಡೆ ಮುಂದಿನ ಚಕ್ರ ಲಟಲಟ ಅನ್ನುತ್ತದೆ. ಆ ಡ್ರಮ್ ಬಿಚ್ಚೋಣ ಅಂತ ಕೂತೆ. ಚಕ್ರದ ನಡುವಿನ ಹಬ್ ನಟ್ಟು ಜಪ್ಪಯ್ಯ ಅಂದರೂ ತಿರುಗುತ್ತಿಲ್ಲ. ಪಾನಾಗೆ ಪೈಪ್ ಹಾಕಿ ಎಳೆಯಲಾ?

ಉತ್ತರ:
ಪೈಪ್ ಕೆಳಗಿಡಿ ಸರ್! ಎಡಗಡೆ ಚಕ್ರ ಕೂರುವ ಸ್ಪಿಂಡಲ್‌ಗೆ ಉಲ್ಟಾ ತ್ರೆಡ್ ಇದೆ. ಬೇರೆ ಕಡೆ ಬಿಗಿ ಮಾಡುವಂತೆ ತಿರುಗಿಸಿದರೆ ಇಲ್ಲಿ ಸಡಿಲ ಆಗುತ್ತದೆ. ಅದಕ್ಕೂ ಮೊದಲು ನಟ್ಟಿನ ಮೇಲಿರುವ ಅಲೆನ್ ಸ್ಕ್ರೂ ಸಡಿಲಿಸಿ, ಅದೇ ನಟ್ಟನ್ನು ಹಿಡಿದಿಟ್ಟಿರುವುದು. ಸ್ಪೀಡೋಮೀಟರ್ ಕೇಬಲ್ ಈ ಚಕ್ರದಿಂದಲೇ ತಿರುಗುವುದು, ಅದರ ತುದಿಯ ಪುಟ್ಟ ಕ್ಲಿಪ್ ಜೋಪಾನ. ಡ್ರಮ್ ಸವೆದು ಒಳಗೆ ಅಂಚು ಕಟ್ಟಿದ್ದರೆ ಬ್ರೇಕ್ ಶೂ (ಒಳಗಿಂದ ಡ್ರಮ್ಮಿಗೆ ಒತ್ತುವ ಪಟ್ಟಿ) ಸಿಕ್ಕಿಕೊಳ್ಳುತ್ತದೆ. ಶೂ-ಡ್ರಮ್ ಸಂದಿ ಹೊಂದಿಸುವ ಹಲ್ಲಿನ ಚಕ್ರಗಳು, ಅಂದರೆ ಎರಡೂ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಆಮೇಲೆ ಎಳೆಯಿರಿ. ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ, ಶೂ ಮೇಲಿನ ಹಳೆಯ ಲೈನಿಂಗ್‌ನಲ್ಲಿ ಶ್ವಾಸಕೋಶಕ್ಕೆ ಕೆಟ್ಟದಾದ ಆಸ್ಬೆಸ್ಟಾಸ್ ಇರಬಹುದು.

ಇನ್ನೊಬ್ಬರು:
ಎಡಕ್ಕೆ ಎಳೆದರೆ ಎಡಗಡೆಯೇ ಕೆಟ್ಟಿದೆ ಅಂತೇನೂ ಇಲ್ಲ, ಅಲ್ವಾ? ಬಲಗಡೆ ಹಿಡಿಯದಿದ್ದರೂ ಗಾಡಿ ಎಡಕ್ಕೇ ಹೋಗುತ್ತದೆ. ಬಲಗಡೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ. ಒದ್ದೆ ಇದ್ದರೆ ಅಲ್ಲೇ ಕಳ್ಳ. ಲಟಲಟಕ್ಕೂ ಒಂದು ಪರೀಕ್ಷೆ ಇದೆ: ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ, ನೀವು ಚಕ್ರ ಅಲ್ಲಾಡಿಸಿ. ಆಟ (ಅಲುಗಾಟ) ನಿಂತರೆ ತೊಂದರೆ ಬೇರಿಂಗಿನದು. ನಿಲ್ಲದಿದ್ದರೆ ಚಕ್ರವನ್ನು ಸಸ್ಪೆನ್ಶನ್‌ಗೆ ಜೋಡಿಸುವ ಬಾಲ್ ಜಾಯಿಂಟ್ ಕಡೆ ನೋಡಿ.

ಪ್ರಶ್ನೆ ಕೇಳಿದವರು:
ನಟ್ಟು ಬಂತು! ಬ್ರೇಕ್ ಒತ್ತಿದಾಗ ಆಟ ನಿಂತಿತು. ಬಲಗಡೆ ಸಿಲಿಂಡರ್ ಸೋರಿ ಶೂ ಪೂರ್ತಿ ನೆಂದಿದೆ. ಪೆಟ್ರೋಲ್‌ನಲ್ಲಿ ತೊಳೆದು ಹಾಕಬಹುದಾ?

ಉತ್ತರ:
ಬೇಡ. ಬ್ರೇಕ್ ಆಯಿಲ್ ಕುಡಿದ ಲೈನಿಂಗ್ ಎಷ್ಟು ತೊಳೆದರೂ ಬಿಸಿಯಾದಾಗ ಮತ್ತೆ ಜಿನುಗುತ್ತದೆ. ಎರಡೂ ಕಡೆಯ ಶೂ ಒಟ್ಟಿಗೇ ಬದಲಿಸಿ. ಒಂದೇ ಕಡೆ ಹಾಕಿದರೆ ಎಳೆತ ಹೋಗುವುದಿಲ್ಲ.

ಬೇರಿಂಗ್ ಬದಲಿಸಿದರೆ ಡ್ರಮ್ಮಿನೊಳಗೆ ಕೂತಿರುವ ಹೊರಬಳೆಯನ್ನೂ ಬದಲಿಸಲೇಬೇಕು. ಗ್ರೀಸನ್ನು ರೋಲರ್‌ಗಳ ಸಂದಿಗೆ ಒತ್ತಿ ತುಂಬಿಸಿ. ಮುಚ್ಚಳದ ತುಂಬಾ ಗ್ರೀಸ್ ಮೆತ್ತುವ ಚಾಳಿ ನಮ್ಮಲ್ಲಿ ಜಾಸ್ತಿ, ಅದು ಬೇಡ. ಒಳಗಿನ ಆಯಿಲ್ ಸೀಲ್ ಹೊಸದೇ ಇರಲಿ. ಅದು ಬಿಟ್ಟುಕೊಟ್ಟರೆ ಗ್ರೀಸ್ ನೇರ ಹೊಸ ಶೂ ಮೇಲೆ.

ನಟ್ಟಿನ ವಿಷಯದಲ್ಲಿ ಅವಸರ ಬೇಡ. ಡ್ರಮ್ ತಿರುಗಿಸುತ್ತಾ ಬಿಗಿ ಮಾಡಿ, ಬೇರಿಂಗ್ ಕೂತ ಮೇಲೆ ಸಡಿಲಿಸಿ. ಒಳಗೂ ಹೊರಗೂ ಆಟ 0.03ರಿಂದ 0.12 ಮಿ.ಮೀ. ಇರಬೇಕು. ಇದನ್ನು ಅಳೆಯುವ ಡಯಲ್ ಗೇಜ್ ಇಲ್ಲದಿದ್ದರೆ ನಟ್ಟಿನ ಹಿಂದಿನ ವಾಷರನ್ನು ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿ. ಮೀಟದೆ, ಬರೀ ತಳ್ಳಿದರೆ ಜರುಗಬೇಕು. ಅಲೆನ್ ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ತಳ್ಳಿ ನೋಡಿ, ಕೆಲವೊಮ್ಮೆ ಅಳತೆ ಬದಲಾಗಿರುತ್ತದೆ.

ಆಮೇಲೆ ಅಡ್ಜಸ್ಟರ್ ತಿರುಗಿಸಿ ಚಕ್ರ ನಿಲ್ಲಿಸಿ, ಸಲೀಸಾಗಿ ತಿರುಗುವಷ್ಟು ಹಲ್ಲು ಹಿಂದೆ ಬನ್ನಿ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವುದು) ಅತಿ ದೂರದ ಹಿಂದಿನ ಚಕ್ರದಿಂದ ಶುರು ಮಾಡಿ.

ಇಷ್ಟಾದರೂ ಪೆಡಲ್ ಬಿಟ್ಟ ಮೇಲೆ ಯಾವುದಾದರೂ ಚಕ್ರ ಹಿಡಿದೇ ಇದ್ದರೆ ಅದರ ಬ್ಲೀಡರ್ (ಗಾಳಿ ತೆಗೆಯುವ ಸ್ಕ್ರೂ) ಸ್ವಲ್ಪ ಸಡಿಲಿಸಿ. ತಕ್ಷಣ ಬಿಟ್ಟುಕೊಂಡಿತಾ? ಹಾಗಿದ್ದರೆ ರಬ್ಬರ್ ಹೋಸ್ ಒಳಗೇ ಊದಿಕೊಂಡಿರುವ ಸಾಧ್ಯತೆ ಜಾಸ್ತಿ, ಬದಲಿಸಿ.