ಪದಚರ್ಚೆ: ‘ಇಲ್ನೆಸ್ ಪರ್ಸೆಪ್ಷನ್’ಗೆ ಕನ್ನಡದಲ್ಲಿ ಏನನ್ನೋಣ? ಸ್ವಲ್ಪ ಅರ್ಜೆಂಟು

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊರೊನಾ ಬಗ್ಗೆ ಜನ ಮನಸ್ಸಿನಲ್ಲಿ ಏನು ಅಂದುಕೊಂಡಿದ್ದರು, ಅದರಿಂದ ಅವರ ಟೆನ್ಷನ್ ಎಷ್ಟು ಏರಿತು, ಮಾಸ್ಕು, ಲಸಿಕೆ ವಿಷಯದಲ್ಲಿ ಹೇಗೆ ನಡೆದುಕೊಂಡರು ಅಂತ ತಿಳಿಯೋದಕ್ಕೆ. ಅದನ್ನೇ ಮಂಗನ ಕಾಯಿಲೆಗೂ ಹೊಂದಿಸಿ ಸಾಗರ, ತೀರ್ಥಹಳ್ಳಿ ಕಡೆ ಮನೆಮನೆಗೆ ಹೋಗಿ ಓದಿ ಹೇಳಬೇಕು. ಮೂಲ 2006ರದ್ದು, ಯಾವ ಕಾಯಿಲೆಗೂ ಹೊಂದಿಸಿಕೊಳ್ಳುವಂಥದ್ದು, ಚಿಕ್ಕದು. 0ಯಿಂದ 10ರ ಅಳತೆಯ ಎಂಟು ಪ್ರಶ್ನೆ: ಇದು ಎಷ್ಟು ಕಾಲ ಇರಬಹುದು, ನಿಮ್ಮ ಕೈಯಲ್ಲಿ ಎಷ್ಟಿದೆ, ಚಿಕಿತ್ಸೆಯಿಂದ ಎಷ್ಟು ಉಪಯೋಗ, ಹೀಗೆ. ಒಂಬತ್ತನೆಯದರಲ್ಲಿ ಕಾಯಿಲೆ ಬರಲು ಮೂರು ಕಾರಣ ಹೇಳಿ ಅಂತ.

ತೊಡಕು ತಲೆಬರಹದ್ದು: ‘ಇಲ್ನೆಸ್ ಪರ್ಸೆಪ್ಷನ್’, ಅಂದರೆ ಕಾಯಿಲೆ ಬಗ್ಗೆ ಜನ ಮನಸ್ಸಿನಲ್ಲಿ ಅಂದುಕೊಂಡಿರೋದು. ಕರಡಿನಲ್ಲಿ ‘ರೋಗಗ್ರಹಿಕೆ’ ಅಂತಿದೆ. ಓದಿ ಹೇಳಿದರೆ ಪಕ್ಕದ ಮನೆ ಅಜ್ಜಿ, ‘ನಂಗ್ ಯಾವ ರೋಗನೂ ಹಿಡಿದಿಲ್ಲ ಮಾರಾಯ’ ಅಂದರು. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು.

ತೀರ್ಥಹಳ್ಳಿಯಿಂದ:
ಅಜ್ಜಿಗೆ ಸಂಸ್ಕೃತ ಚೆನ್ನಾಗಿ ಬರುತ್ತದೆ. ಗ್ರಹ್ ಅಂದರೆ ಹಿಡಿ. ಪಾಣಿಗ್ರಹಣದಲ್ಲಿ ಹಿಡಿಯೋದು ಕೈ, ಇಲ್ಲಿ ರೋಗ. ‘ರೋಗಗ್ರಸ್ತ’ದ ಗ್ರಸ್ ಬೇರೆ ಧಾತು, ನುಂಗು ಅಂತ. ಎರಡನ್ನೂ ಕಲಸಬೇಡಿ. ‘ರೋಗಭಾವನೆ’ ಹಾಕಿ, ಮುಗಿಯಿತು.

ಸಾಗರದಿಂದ:
ರೋಗಭಾವನೆ ಅಂದರೆ ಇಲ್ಲದ ರೋಗ ಇದೆ ಅಂದುಕೊಳ್ಳೋದು. ನಡೆಯಲ್ಲ. ಅಚ್ಚಗನ್ನಡದಲ್ಲಿ ‘ಬೇನೆಯೆಣಿಕೆ’ ಅನ್ನಿ. ನಮ್ಮ ಕಡೆ ಎಣಿಸು ಅಂದರೆ ಯೋಚಿಸು ಅಂತಲೂ ಇದೆ.

ತೀರ್ಥಹಳ್ಳಿಯಿಂದ:
ಬೇನೆಯೆಣಿಕೆ! ರೋಗಿಗಳ ಗಣತಿಗೆ ಬಂದಿದ್ದಾರೆ ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ಬೇನೆ ಅಂದರೆ ಹೆಂಗಸರಿಗೆ ಮೊದಲು ನೆನಪಾಗೋದು ಹೆರಿಗೆ. ಅದೂ ಅಲ್ಲದೆ ನಿಮ್ಮ ಅಚ್ಚಗನ್ನಡದ ಬೇನೆ ವೇದನೆಯ ತದ್ಭವ. ಕಾಯಿಲೆ ಪಾರಸಿ ಕಡೆಯದು. ‘ಹುಷಾರಿಲ್ಲ’ದ ಹುಷಾರೂ ಅಲ್ಲಿಯದೇ. ಸಾಲದ ಪದ ಬೇಡ ಅಂದರೆ ಮಲಗಿದವನು ತನಗೇನಾಗಿದೆ ಅಂತ ಬಾಯಿಬಿಡೋ ಹಾಗಿಲ್ಲ.

ಸಾಗರದಿಂದ:
ತದ್ಭವ ಆದಮೇಲೆ ಅದು ನಮ್ಮದು. ನನ್ನ ಜಗಳ ಕಾಯಿಲೆ, ಹುಷಾರಿನ ಮೇಲಲ್ಲ. ಅವು ಜನರ ಬಾಯಲ್ಲಿ ಹದವಾಗಿ ಬಂದವು. ಮೇಜಿನ ಮೇಲೆ ಹೊಲಿದ ಸಮಾಸಗಳ ಮೇಲೆ. 2020ರಲ್ಲಿ ‘ಸಾಮಾಜಿಕ ಅಂತರ’ ಅಂತ ಊರೆಲ್ಲ ಬರೆದರು. ಜಾತಿಯ ಹೆಸರಲ್ಲಿ ಅಂತರ ಕಾಯ್ದುಕೊಂಡೇ ಬಂದ ಸಮಾಜಕ್ಕೆ ಅದನ್ನೇ ಬೋರ್ಡು ಹಾಕಿ ಹೇಳಿದ ಹಾಗಾಯಿತು. ವಿಶ್ವ ಆರೋಗ್ಯ ಸಂಸ್ಥೆ ಆ ಮಾರ್ಚಿನಲ್ಲೇ ‘ದೈಹಿಕ’ ಅನ್ನೋಕೆ ಶುರುಮಾಡಿತು. ನಾವು ಬಿಡಲಿಲ್ಲ. ‘ದೂರ ನಿಲ್ಲಿ’ ಅಂದಿದ್ದರೆ ಆಗುತ್ತಿರಲಿಲ್ವಾ?

ಸೊರಬದಿಂದ:
ಇಬ್ಬರೂ ಸ್ವಲ್ಪ ಕೂತುಕೊಳ್ಳಿ. 1957ರಲ್ಲಿ ನಮ್ಮ ಕ್ಯಾಸನೂರು ಕಾಡಿನ ಹೆಸರನ್ನೇ ಈ ಕಾಯಿಲೆಗೆ ಇಟ್ಟರು. ಊರಿನವರು ಕರೆದದ್ದು ಮಾತ್ರ ಮಂಗನ ಕಾಯಿಲೆ. ಈ ಹೆಸರಿನಿಂದಾಗಿ ಎಲ್ಲರ ಕಣ್ಣೂ ಮರದ ಮೇಲೆ. ಕಚ್ಚಿ ಅಂಟಿಸೋದು ಉಣುಗು (ಉಣ್ಣೆ ಹುಳ), ಅದರಲ್ಲೂ ಎಳ್ಳಿಗಿಂತ ಸಣ್ಣ ಮರಿ. ಮಂಗ ಸತ್ತ ಸುದ್ದಿ ಬಂದರೆ ಊರಿಗೆ ಊರೇ ಹೆದರಿ ನಿದ್ದೆ ಬಿಡುತ್ತದೆ. ಸುದ್ದಿ ಇಲ್ಲದಿದ್ದರೆ ಉಣುಗು ಹತ್ತದಂತೆ ಮೈಗೆ ಹಚ್ಚೋ ಡೆಪಾ ಎಣ್ಣೆ ಬಾಟಲಿ ಕಿಟಕಿಯ ಮೇಲೇ ಇರುತ್ತದೆ, ಬರಿಗಾಲಲ್ಲಿ ಸೊಪ್ಪಿನಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸೋಕೆ ಹೊರಡುತ್ತಾರೆ. ಹಳೆಯ ಲಸಿಕೆ 2022ರಲ್ಲಿ ನಿಂತಿತು, ಇದಕ್ಕೇ ಅಂತ ಔಷಧಿಯೂ ಇಲ್ಲ. ‘ನಮ್ಮ ಕೈಯಲ್ಲಿ ಏನಿದೆ’ ಅಂದುಕೊಂಡವನಿಗೆ ಚಿಂತೆಯೂ ಜಾಸ್ತಿ, ಎಣ್ಣೆ ಹಚ್ಚೋದೂ ಇಲ್ಲ. ‘ಅಮ್ಮ’ ಆದ ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ ಬೇವಿನಸೊಪ್ಪು ಸಿಕ್ಕಿಸುತ್ತಾರಲ್ಲ, ಅಲ್ಲಿ ಮನೆಯವರಿಗೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ. ಅದಕ್ಕೇ ಗಾಬರಿ ಕಡಿಮೆ.

ನಿಮ್ಮ ಪ್ರಶ್ನಾವಳಿ ಹಿಡಿಯೋಕೆ ಹೊರಟಿರೋದು ಇದನ್ನೇ ಅಲ್ವಾ? ಅದಕ್ಕೆ ನಾಮಪದವೇ ಯಾಕೆ ಬೇಕು? ‘ಈ ಕಾಯಿಲೆ ಬಗ್ಗೆ ನಿಮಗೆ ಏನನಿಸುತ್ತದೆ?’ ಅಂತ ತಲೆಬರಹ ಕೊಡಿ. ವರದಿಗೆ ಒಂದು ಪದ ಬೇಕೇ ಬೇಕು ಅಂದರೆ ‘ಕಾಯಿಲೆ ಬಗೆಗಿನ ತಿಳಿವಳಿಕೆ’ ಮಾತ್ರ ಹಾಕಬೇಡಿ. ಅದು ಪರೀಕ್ಷೆಯ ಹಾಗೆ ಕೇಳಿಸುತ್ತದೆ. ಆಶಾ ಕಾರ್ಯಕರ್ತೆ ಹೇಳಿಕೊಟ್ಟಿದ್ದನ್ನೇ ಒಪ್ಪಿಸುತ್ತಾರೆ.

ತೀರ್ಥಹಳ್ಳಿಯಿಂದ:
ವಾಕ್ಯ ಪದವಲ್ಲ. ಇದು ಪದಚರ್ಚೆ.

ಶಿವಮೊಗ್ಗದಿಂದ:
ಸೊರಬದವರದ್ದೇ ಇಟ್ಟುಕೊಂಡೆ ಸಾರ್. ವರದಿಯಲ್ಲಿ ‘ಕಾಯಿಲೆಯ ಕುರಿತ ಅನಿಸಿಕೆ’. ಇನ್ನೊಂದು ಉಳಿದಿದೆ, ‘ಸ್ಟ್ರೆಸ್’. ‘ಒತ್ತಡ ಇದೆಯಾ’ ಅಂತ ಕೇಳಿದರೆ ಬಿಪಿ ಅಂದುಕೊಂಡು ಮಾತ್ರೆ ಚೀಟಿ ತರುತ್ತಾರೆ. ‘ಟೆನ್ಷನ್’ ಅಂತಲೇ ಬಿಡಲಾ?

ಸಾಗರದಿಂದ:
ಟೆನ್ಷನ್ ಅಂತಲೇ ಅಚ್ಚು ಹಾಕಿಸೋದಾದರೆ ಇಲ್ಲಿ ಕೇಳಿದ್ದು ಯಾಕೆ? ‘ತಳಮಳ’ ಇದೆ.

ಶಿವಮೊಗ್ಗದಿಂದ:
ತಳಮಳ ಚೆನ್ನಾಗಿದೆ. ಕಾಲೇಜು ಹುಡುಗರಿಗೂ ಓದಿ ಹೇಳಬೇಕಲ್ಲ, ‘ತಳಮಳ, ಟೆನ್ಷನ್’ ಅಂತ ಎರಡನ್ನೂ ಪಕ್ಕಪಕ್ಕ ಹಾಕುತ್ತೇನೆ. ಪ್ರೆಸ್ಸಿನವರಿಗೆ ಈಗಲೇ ಕಳಿಸುತ್ತಿದ್ದೇನೆ.