ಪದಚರ್ಚೆ: ಟಾರ್ಷನ್ ಬಾರಿಗೆ ಕನ್ನಡದಲ್ಲಿ ಏನೆನ್ನೋಣ? (ಶುಕ್ರವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಮಿಶಿಗನ್ನಿನಲ್ಲಿರುವ ನಮ್ಮ ಭಾವ ತಮ್ಮ 1970ರ ಡಾಡ್ಜ್ ಚಾಲೆಂಜರ್ ಕಾರಿನ ಮುಂಗಾಲು ಬಿಚ್ಚಿ, ಸವೆದ ಭಾಗಗಳನ್ನು ತೆಗೆದು ಬೇರೆ ಕೂರಿಸುವ ವಿಡಿಯೋ ಮಾಡಿದ್ದಾರೆ. ಕನ್ನಡ ಅಡಿಬರಹ ನನ್ನ ತಲೆಗೆ ಬಂದಿದೆ. ಶುಕ್ರವಾರ ರಾತ್ರಿ ಏರಿಸಬೇಕು. ಯಂತ್ರಾನುವಾದಕ್ಕೆ ‘ಫ್ರಂಟ್ ಸಸ್ಪೆನ್ಷನ್’ ಎಂದು ಕೊಟ್ಟು ನೋಡಿದೆ, ‘ಮುಂಭಾಗದ ಅಮಾನತು’ ಎಂದಿತು. ಕಾರು ಯಾವ ಇಲಾಖೆಯಲ್ಲಿತ್ತೋ!

ಬೇಕಾಗಿರುವುದು: ಸಸ್ಪೆನ್ಷನ್ (ಗಾಲಿಯ ಕುಲುಕು ಕಾರಿಗೆ ತಟ್ಟದಂತೆ ತಡೆಯುವ ಏರ್ಪಾಡು), ಟಾರ್ಷನ್ ಬಾರ್, ಮೇಲಿನ ಮತ್ತು ಕೆಳಗಿನ ಕಂಟ್ರೋಲ್ ಆರ್ಮ್ (ಚೌಕಟ್ಟಿನಿಂದ ಗಾಲಿಯ ಕಡೆಗೆ ಚಾಚಿದ ಕೈ), ಸ್ಟೀರಿಂಗ್ ನಕಲ್ (ಗಾಲಿಯನ್ನು ಹೊತ್ತು ತಿರುಗುವ ತುಂಡು), ಬಾಲ್ ಜಾಯಿಂಟ್ (ಆರ್ಮಿಗೂ ನಕಲಿಗೂ ನಡುವಿನ ಗುಂಡು ಜೋಡಣೆ). ಈ ಕಾರಿನ ಮುಂದೆ ಸುರುಳಿ ಸ್ಪ್ರಿಂಗೇ ಇಲ್ಲ. ಅದೇ ಕಾಲದ ಮಸ್ಟಾಂಗಿನಲ್ಲಿ ಸುರುಳಿ ಮೇಲಿನ ಆರ್ಮಿನ ನೆತ್ತಿಯ ಮೇಲೆ ಕೂತಿರುತ್ತದೆ, ಕಮಾರೋದಲ್ಲಿ ಕೆಳಗಿನ ಆರ್ಮಿಗೂ ಚೌಕಟ್ಟಿಗೂ ನಡುವೆ. ಡಾಡ್ಜ್ ಮಾಡುವ ಕ್ರೈಸ್ಲರಿನವರು ಮಾತ್ರ 1957ರಿಂದ ಉದ್ದನೆಯ ಉಕ್ಕಿನ ಸರಳು ಹಾಕಿದರು. ಅದರ ಹಿಂದಿನ ತುದಿ ಅಡ್ಡತೊಲೆಯಲ್ಲಿ, ಮುಂದಿನ ತುದಿ ಕೆಳಗಿನ ಆರ್ಮಿನಲ್ಲಿ. ಗಾಲಿ ಎದ್ದಾಗ ಸರಳು ತಿರುಚಿಕೊಳ್ಳುತ್ತದೆ, ಆ ಬಿಗಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಪದ ಚಿಕ್ಕದಾಗಿರಲಿ, ಪರದೆಯಲ್ಲಿ ಜಾಗವಿಲ್ಲ.

— ಮಿ.

---

ನಿಲಂಬನ, ತಿರುಚುದಂಡ, ಊರ್ಧ್ವ ಮತ್ತು ಅಧೋ ನಿಯಂತ್ರಕ ಬಾಹು, ಗೋಲಸಂಧಿ, ಚಾಲನ ಗ್ರಂಥಿ. ಮುಗಿಯಿತಲ್ಲ.

— ಗೋ. ರಾ.

---

‘ತಿರುಚುದಂಡ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ದೋಷ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಇದನ್ನು ಬಿರುದಾವಳಿಗೆ ಬಿಟ್ಟುಕೊಟ್ಟ, ಕಾರಿಗಲ್ಲ. ‘ಚಾಲನ ಗ್ರಂಥಿ’ ಎಂದರೆ ಓದಿದವರು ವೈದ್ಯರ ಹತ್ತಿರ ಹೋಗುತ್ತಾರೆ.

ನಮ್ಮಲ್ಲೇ ‘ನುಲಿ’ ಇದೆ: ನುಲಿಸರಳು. ಇದಕ್ಕಿಂತ ಒಳ್ಳೆಯದು ‘ಮುರಿ’. ನಗಬೇಡಿ. ಹಳಗನ್ನಡದಲ್ಲಿ ಬಾಗು, ತಿರುಗು ಎಂಬ ಅರ್ಥದ ‘ಮುರಿ’ಯೇ ಬೇರೆ, ತುಂಡಾಗು ಎಂಬ ಅರ್ಥದ ‘ಮುಱಿ’ಯೇ ಬೇರೆ. ‘ಱ’ ಎಂಬ ಶಕಟರೇಫ ಕಳೆದುಕೊಂಡ ಮೇಲೆ ಎರಡೂ ಒಂದಾಗಿ, ತಿರುಚುವುದು ಹೋಗಿ ತುಂಡಾಗುವುದೊಂದೇ ಉಳಿಯಿತು. ಅಕ್ಷರ ಹೋದರೆ ಅರ್ಥವೂ ಹೋಗುತ್ತದೆ ಎಂದು ಈ ಬಳಗದಲ್ಲಿ ಎಷ್ಟು ಸಲ ಬರೆದಿದ್ದೇನೆ!

— ಶಂ.

---

ತಿರುಚುವ + ದಂಡ, ಮೊದಲ ಪದ ಕೃದಂತವಾದ ಗಮಕ ಸಮಾಸ. ಅಲ್ಲಿ ಅರಿದೋಷ ಎಣಿಸುವುದಿಲ್ಲ. ‘ಸುಡುಗಾಡು’ ಹೇಗಾಯಿತೋ ಹಾಗೆ. ಮರೆತಿದ್ದರೆ ಇನ್ನೊಮ್ಮೆ ಓದಿ. ‘ಮುರಿಸರಳು’ ಎಂದು ಬರೆದರೆ ನೋಡುವವನು ಸರಳು ಮುರಿದಿದೆ ಎಂದುಕೊಂಡು ಹೊಸದು ತರಿಸುತ್ತಾನೆ.

— ಗೋ. ರಾ.

---

ನಾನು ಪದಪಂಡಿತನಲ್ಲ, ತಿಪಟೂರಿನಲ್ಲಿ ಅಂಬಾಸಿಡರ್ ಬಿಚ್ಚಿ ಬಿಚ್ಚಿ ಕೈ ಕಪ್ಪು ಮಾಡಿಕೊಂಡವನು. ಅಂಬಾಸಿಡರಿನ ಮುಂದೆ ಇದ್ದದ್ದೂ ಟಾರ್ಷನ್ ಬಾರೇ, ಸ್ವಾಮಿ. ಪದ್ಮಿನಿಗೆ ಕಾಯಿಲ್. ‘ಗಾಡಿ ಒಂದು ಕಡೆ ವಾಲ್ತಾ ಇದೆ’ ಅಂತ ಗಿರಾಕಿ ಬಂದರೆ ‘ಟಾರ್ಷನ್ ಬಾರ್ ನೋಡಪ್ಪ’ ಅಂತ ಹುಡುಗನಿಗೆ ಹೇಳುತ್ತಿದ್ದೆವು. ನುಲಿಸರಳು ಅಂದಿದ್ದರೆ ಅವನು ಟೀ ತರಲು ಹೋಗುತ್ತಿದ್ದ. ಆರ್ಮಿಗೆ ‘ಎ ಆರ್ಮ್’ ಅನ್ನಿ, ಎಲ್ಲ ಗ್ಯಾರೇಜಿನಲ್ಲೂ ನಡೆಯುತ್ತದೆ.

— ಗ್ಯಾರೇಜು

---

ಗ್ಯಾರೇಜು ಸಾರ್, ತುಂಬಾ ಉಪಕಾರವಾಯಿತು. ಆದರೆ ‘ಎ ಆರ್ಮ್’ ಇಲ್ಲಿ ತೊಡಕು. ಚಾಲೆಂಜರಿನ ಮೇಲಿನ ಆರ್ಮ್ ಎರಡು ಕಾಲಿನದು, ಅದಕ್ಕೆ ಎ ಒಪ್ಪುತ್ತದೆ. ಕೆಳಗಿನದು ಒಂಟಿ ತೋಳು. ಅದು ಹಿಂದೆ ಮುಂದೆ ಓಲಾಡದಂತೆ ಸ್ಟ್ರಟ್ ರಾಡ್ ಎಂಬ ಬೇರೊಂದು ಸರಳು ಹಿಡಿದಿರುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ, ಹಳೇ ಸಾಮಾನಿನ ರಾಶಿಯಲ್ಲಿ ಹುಡುಕುವವನಿಗೆ ಯಾವುದು ಯಾವುದೆಂದು ತಿಳಿಯದು.

ಬಾಲ್ ಜಾಯಿಂಟೂ ಹಾಗೆಯೇ. ಮೇಲಿನದನ್ನು ತಿರುಪಿನಂತೆ ತಿರುಗಿಸಿ ಆರ್ಮಿಗೆ ಕೂರಿಸುವುದು. ಕೆಳಗಿನದು ಸ್ಟೀರಿಂಗ್ ಆರ್ಮಿನ ಜೊತೆ ಒಂದೇ ತುಂಡಾಗಿ ಬರುತ್ತದೆ. ಟಾರ್ಷನ್ ಬಾರುಗಳು ನೋಡಲು ಒಂದೇ ಥರ, ಎರಡೂ ತುದಿ ಆರು ಮೂಲೆ. ಆದರೆ ಎಡದ್ದನ್ನು ಬಲಕ್ಕೆ ಹಾಕುವಂತಿಲ್ಲ. ಎತ್ತ ತಿರುಚಿಕೊಳ್ಳಬೇಕೆಂದು ಕಾರ್ಖಾನೆಯಲ್ಲೇ ಹದ ಮಾಡಿರುತ್ತಾರೆ, ಗುರುತು ತುದಿಯಲ್ಲಿ ಒತ್ತಿರುತ್ತದೆ. ಭಾವ ಆ ತುದಿಯ ತುಕ್ಕು ಉಜ್ಜಲು ಅರ್ಧ ಗಂಟೆ ಕೂತಿದ್ದಾರೆ. ಆಮೇಲೂ ಎತ್ತರ ಹೊಂದಿಸುವ ಬೋಲ್ಟನ್ನು ಸಡಿಲಿಸಿ ಸರಳಿನ ಬಿಗಿ ಪೂರ್ತಿ ಇಳಿಸದೆ ಹಿಂದಿನ ಕ್ಲಿಪ್ಪಿಗೆ ಕೈ ಹಾಕಬಾರದು. ಇಷ್ಟೆಲ್ಲ ನಾನು ಎರಡು ಸಾಲಿನಲ್ಲಿ ಹೇಳಬೇಕು.

— ಮಿ.

---

ಎರಡು ಕಾಲಿನದಕ್ಕೆ ಪದ ಹುಡುಕಬೇಕೇ? ಕವೆ! ಹಳ್ಳಿಯಲ್ಲಿ ಬೆಳೆದ ಯಾರನ್ನಾದರೂ ಕೇಳಿ, ಕವಲೊಡೆದ ಕೋಲು. ಮೇಲ್ + ಕವೆ = ಮೇಲ್ಗವೆ, ಆದೇಶ ಸಂಧಿ. ಒಂಟಿಯದು ಕೆಳತೋಳು. ನಕಲ್ ಎಂದರೆ ಗೆಣ್ಣು, ಬೆರಳಿಗೂ ಕಬ್ಬಿಗೂ ಇರುವುದೇ. ಗೋಲಸಂಧಿ ಬೇಡ, ಚೆಂಡುಗೀಲು. ‘ಕೀಲು’ ಸಂಸ್ಕೃತದ ಕೀಲದಿಂದ ಬಂತು ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ತಮಿಳಿನಲ್ಲೂ ಕೀಲ್ ಇದೆ.

— ಶಂ.

---

ತಮಿಳಿನಲ್ಲಿದ್ದರೆ ಸಂಸ್ಕೃತದಿಂದ ಹೋಗಿರಬಾರದೇ? ಸಂಸ್ಕೃತದ ಎರವಲು ಮೈಲಿಗೆ, ತಮಿಳಿನ ಸಾಕ್ಷಿ ಮಡಿ, ಇಂಗ್ಲಿಷಿನ ‘ಕಾರು’ ಮಾತ್ರ ಹೇಗೋ ಒಳಗೆ ಬಂದು ಕೂತಿದೆ. ಇಡೀ ಕಾರನ್ನು ಎರವಲು ತಂದು ಅದರ ನಾಲ್ಕು ತುಂಡಿಗೆ ಅಚ್ಚಗನ್ನಡ ಹುಡುಕುವುದು ನನಗಂತೂ ವಿಚಿತ್ರ.

ಕವೆ ಚೆನ್ನಾಗಿದೆ. ಅದನ್ನು ಒಪ್ಪುತ್ತೇನೆ.

— ಗೋ. ರಾ.

---

ಗೆಣ್ಣು ಅನ್ನುವುದು ನನಗೂ ಹಿಡಿಸಿತು. ಆದರೆ ಅಮೆರಿಕದ ಸಾಮಾನಿನ ಅಂಗಡಿಯವರು ಅದಕ್ಕೇ ಸ್ಪಿಂಡಲ್ ಅಂತಲೂ ಅನ್ನುತ್ತಾರಂತೆ, ಇಂಟರ್ನೆಟ್ಟಿನಲ್ಲಿ ನೋಡಿದೆ. ಅದೂ ಒಂದು ಸಲ ಬರಲಿ.

— ಗ್ಯಾರೇಜು

---

ಸ್ಪಿಂಡಲ್ ಎಂದರೆ ಕದಿರು. ಕದಿರು ಎಂಬ ಪದವನ್ನು

(ಮುಂದಿನ ಹನ್ನೊಂದು ಸಾಲು ಕದಿರು, ಇರುಸು, ಕಡಾಣಿಗಳ ಬಗ್ಗೆ ಇತ್ತು. ಬೇರೆ ಎಳೆಗೆ ಸಾಗಿಸಿದ್ದೇನೆ. — ನಿರ್ವಾಹಕ)

---

ಅಡಿಬರಹ ಏರಿಸಿಯಾಯಿತು. ಮೇಲ್ಗವೆ, ಕೆಳತೋಳು, ಗೆಣ್ಣು ಬಳಸಿದೆ. ಮೂರೂ ನೋಡಿದ ಕೂಡಲೇ ಆಕಾರದಿಂದ ಗುರುತು ಸಿಗುವ ಪದಗಳು. 1973–76ರ ಡಾಡ್ಜ್ ಡಾರ್ಟ್ ಕಾರಿನ ಡಿಸ್ಕ್ ಬ್ರೇಕ್ ಗೆಣ್ಣು ಚಾಲೆಂಜರಿಗೂ ಕೂರುತ್ತದೆ ಎಂದು ಭಾವ ಹೇಳುವ ಕಡೆ ‘ಗೆಣ್ಣು (ಸ್ಪಿಂಡಲ್)’ ಎಂದಿದ್ದೇನೆ, ಕೊಳ್ಳುವವನು ಅಂಗಡಿಯಲ್ಲಿ ಆ ಹೆಸರಿನಿಂದಲೇ ಕೇಳಬೇಕಲ್ಲ. ಟಾರ್ಷನ್ ಬಾರ್ ಹಾಗೇ ಬಿಟ್ಟೆ. ಅಂಬಾಸಿಡರ್ ಕಾಲದಿಂದ ನಮ್ಮ ಗ್ಯಾರೇಜಿನಲ್ಲಿರುವ ಪದವನ್ನು ಎರವಲು ಎನ್ನಲು ಮನಸ್ಸಾಗಲಿಲ್ಲ. ಬಾಲ್ ಜಾಯಿಂಟೂ ಹಾಗೆಯೇ ಇದೆ, ಶಂ. ಅವರು ಕ್ಷಮಿಸಬೇಕು.

ಸಸ್ಪೆನ್ಷನ್ನಿಗೆ ಏನೂ ಸಿಗಲಿಲ್ಲ. ‘ನಿಲಂಬನ’ ಹಾಕಿದ್ದೆ. ಭಾವ ಓದಿ, ‘ಇದೂ ಅಮಾನತೇ ಅಲ್ವೇನೋ’ ಎಂದರು. ತೆಗೆದೆ.

— ಮಿ.

---

ನಿಮ್ಮ ಮೊದಲ ಪತ್ರದ ಮೊದಲ ಸಾಲಿನಲ್ಲಿ ‘ಮುಂಗಾಲು’ ಎಂದು ನೀವೇ ಬರೆದಿದ್ದೀರಿ. ಅದನ್ನೇ ಹಾಕಿ.

— ಶಂ.

---

ಹಿಂದಿನದಕ್ಕೆ ಹಿಂಗಾಲೋ? ಒದೆಯದಿದ್ದರೆ ಸರಿ.

— ಗೋ. ರಾ.